ಹೊಟ್ಟೆಯ ಮೇಲಿನ ಗೀರು

ಮಹಾರಾಷ್ಟ್ರದ ಲಾತೂರು ಜಿಲ್ಲೆಯ ನಮ್ಮ ಕಾಸಾರಶಿರಸಿ ಕಡೆ ಹೊಟ್ಟೆಯ ಮೇಲಿನ ಗೀರಿಗೂ ಊರಿನ ಹೆಸರಿರುತ್ತದೆ. "ನಂದು ಲಾತೂರಿಂದು", "ವೈನಿದು ಸೊಲ್ಲಾಪುರದ್ದು", "ಕಾಕಾಂದು ಬೀದರದ್ದು" ಎನ್ನುತ್ತಾರೆ. ದೊಡ್ಡ ಆಪರೇಷನ್ ಅಂದರೆ ನಿಲಂಗಾ, ಉಮರ್ಗಾ ದಾಟಿ ಹೋಗುವುದೇ ಇಲ್ಲಿಯ ರೂಢಿ. ಮನೆದೇವರಿಗೆ ಕನ್ನಡದಲ್ಲಿ ಬೇಡಿಕೊಂಡು, ಆಸ್ಪತ್ರೆಯ ಕಾಗದಕ್ಕೆ ಮರಾಠಿಯಲ್ಲಿ ಸಹಿ ಮಾಡಿ, ಹೈದರಾಬಾದಾದರೆ ಹಿಂದಿಯಲ್ಲಿ ಚೌಕಾಶಿ ನಡೆಸಿ ಬರುವ ಜನ ನಾವು. ಬಿಲ್ಲೆಷ್ಟು, ಪಥ್ಯವೇನು, ಟಾಕಿ ಯಾವಾಗ ಬಿಚ್ಚುತ್ತಾರೆ, ಎಲ್ಲ ಕೇಳುತ್ತೇವೆ. ಕಲೆ ಹೇಗೆ ಉಳಿದೀತು ಎಂಬುದನ್ನು ಮಾತ್ರ ಈ ಮೂರರಲ್ಲಿ ಒಂದು ಭಾಷೆಯಲ್ಲೂ ಕೇಳುವುದಿಲ್ಲ.

ಕೇಳಿದರೆ ಮನೆಯವರೇ ನಗುತ್ತಾರೆ. "ಜೀವ ಉಳೀತಲ್ಲವಾ, ಇನ್ನ ಹೊಟ್ಟಿ ಯಾರ್ ನೋಡ್ತಾರ?" ಸೀರೆಯ ಸೀಮೆಯಲ್ಲಿ ನಿಂತು ಆಡುವ ಮಾತೇ ಇದು? ಸೊಂಟ ಕಾಣದ ಸೀರೆಯನ್ನು ಇಳಕಲ್ಲಿನಲ್ಲೂ ನೇಯ್ದಿಲ್ಲ, ಪೈಠಣದಲ್ಲೂ ನೇಯ್ದಿಲ್ಲ. ಗಂಡಸರ ಲೆಕ್ಕ ಬೇರೆ. ಅವರು ಚಹಾದಂಗಡಿಯಲ್ಲೇ ಅಂಗಿ ಎತ್ತಿ ಅಪೆಂಡಿಕ್ಸಿನ ಪುರಾಣ ಶುರು ಮಾಡುತ್ತಾರೆ. ವರ್ಷ ಕಳೆದಂತೆ ಗೀರು ಸಣ್ಣದಾಗುತ್ತದೆ, ಪುರಾಣ ದೊಡ್ಡದಾಗುತ್ತದೆ.

ಕಲೆ ಚಂದ ಮಾಡಿಕೊಳ್ಳುವ ಆಸೆ ಈಗಿನ ಹುಡುಗಿಯರ ಥಳುಕು ಎನ್ನುವವರು ಸುಶ್ರುತನನ್ನು ವಿಚಾರಿಸಲಿ. ಗಾಯಕ್ಕೆ ಅವನು ಹೇಳಿದ ಅರವತ್ತು ಉಪಕ್ರಮಗಳಲ್ಲಿ ಬೆಳ್ಳಗಾದ ಕಲೆಯನ್ನು ಕಪ್ಪಾಗಿಸುವ ಕೃಷ್ಣಕರ್ಮ, ಕಪ್ಪಾದದ್ದನ್ನು ತಿಳಿಯಾಗಿಸುವ ಪಾಂಡುಕರ್ಮ, ಮಾಯ್ದ ಜಾಗದಲ್ಲಿ ಕೂದಲು ಬರಿಸುವ ರೋಮಸಂಜನನ, ಎಲ್ಲವೂ ಇವೆ. ಗಾಯ ಮಾಯಿಸಿದ ಮೇಲೆ ವೈದ್ಯನ ಕೆಲಸ ಮುಗಿಯಿತೆಂದು ಅವನು ತಿಳಿದಿರಲಿಲ್ಲ. ಹಾಗೆಂದು ಅವನ ಕೃಷ್ಣಕರ್ಮವನ್ನು ಮನೆಯಲ್ಲಿ ಮಾಡಲು ಹೋಗಬೇಡಿ. ಅದರಲ್ಲಿ ಕರಿಗೇರಿನ ಎಣ್ಣೆ ಬರುತ್ತದೆ. ಬರಿಗೈಗೆ ತಾಗಿದರೂ ಬೊಬ್ಬೆ ಏಳಿಸುವ ಸರಕು ಅದು.

ಒಂದೇ ಹೊಟ್ಟೆಯಾದರೂ ಒಂದು ಗೀರು ಎಳೆಯಂತೆ ಉಳಿದು ಇನ್ನೊಂದು ಹಗ್ಗದಂತೆ ಉಬ್ಬುವುದೇಕೆ? ಚರ್ಮದ ಎಳೆತಕ್ಕೆ ದಿಕ್ಕಿದೆ ಎಂದು ವಿಯೆನ್ನಾದ ಕಾರ್ಲ್ ಲ್ಯಾಂಗರ್ 1861ರಲ್ಲೇ ತೋರಿಸಿದ. ಹೊಟ್ಟೆಯ ಮೇಲೆ ಆ ಗೆರೆಗಳು ಬಹುಮಟ್ಟಿಗೆ ಅಡ್ಡ. ಅದಕ್ಕೇ ಹೊಕ್ಕುಳಿನ ಬದಿಗೆ ಉದ್ದಕ್ಕೆ ಕೊಯ್ದ ಗಾಯ ಅಗಲವಾಗುತ್ತದೆ, ಕೆಳಗೆ ಅಡ್ಡ ಕೊಯ್ದದ್ದು ಅಡಗುತ್ತದೆ. 1900ರಲ್ಲಿ ಜರ್ಮನಿಯ ಫ್ಯಾನೆನ್‌ಸ್ಟೀಲ್ ವಿವರಿಸಿದ ಆ ಅಡ್ಡ ಕೊಯ್ತವೇ ಇವತ್ತು ಸಿಜರಿಯನ್ ಆದ ಬಹಳಷ್ಟು ಹೆಂಗಸರ ಲಂಗದೊಳಗೆ ಕೂತಿರುವುದು. 1980ರಲ್ಲಿ ಕೀಲ್ ನಗರದ ಕರ್ಟ್ ಸೆಮ್ ದುರ್ಬೀನಿನಿಂದ, ಅಂದರೆ ಲ್ಯಾಪರೋಸ್ಕೋಪಿನಿಂದ, ಅಪೆಂಡಿಕ್ಸ್ ತೆಗೆದ ಮೇಲೆ ಗೀರು ಹೋಗಿ ಚುಕ್ಕೆಗಳು ಬಂದವು. ಮನೆಯ ಮೂರು ತಲೆಮಾರಿನ ಹೊಟ್ಟೆ ನೋಡಿದರೆ ಶಸ್ತ್ರಚಿಕಿತ್ಸೆಯ ಇತಿಹಾಸವನ್ನೇ ಓದಬಹುದು: ಅಜ್ಜಿಯದು ಉದ್ದಗೀರು, ಅವ್ವನದು ಅಡ್ಡಗೀರು, ಮಗಳದು ಮೂರು ಚುಕ್ಕೆ.

ಇನ್ನು ಉಪಾಯಗಳ ಮಾತು. ಮೊದಲನೆಯದಕ್ಕೆ ದುಡ್ಡು ಬೇಡ, ತಾಳ್ಮೆ ಬೇಕು. ಕೆಂಪಗಿದ್ದು ತುರಿಸುವ ಕಲೆ ತಣ್ಣಗಾಗಿ ಚಪ್ಪಟೆಯಾಗಲು ವರ್ಷ, ಒಂದೂವರೆ ವರ್ಷ ಹಿಡಿಯುತ್ತದೆ. ಹೊಸ ಕಲೆಗೆ ಬಿಸಿಲು ಬಿದ್ದರೆ ಕಪ್ಪಾಗುತ್ತದೆ, ಸೆರಗು ಹೊದಿಸಿದರೆ ಸಾಕು. ಎರಡನೆಯದು ಸಿಲಿಕಾನ್ ಪಟ್ಟಿ ಅಥವಾ ಜೆಲ್. ಗಾಯ ಪೂರ್ತಿ ಮುಚ್ಚಿದ ಮೇಲೆ ದಿನಕ್ಕೆ ಹನ್ನೆರಡು ತಾಸಿಗೆ ಕಡಿಮೆಯಿಲ್ಲದಂತೆ, ಎರಡು ಮೂರು ತಿಂಗಳು ಹಚ್ಚಿಕೊಳ್ಳಬೇಕು. ಉಬ್ಬುವ ಕಲೆಗೆ ವೈದ್ಯರು ಮೊದಲು ಹೇಳುವುದು ಇದನ್ನೇ. ವಿಟಮಿನ್ ಇ ಗುಳಿಗೆ ಒಡೆದು ಸವರುವ ಚಾಳಿ ಎಲ್ಲ ಕಡೆ ಇದೆ. ಅದರಿಂದ ಲಾಭವಾದದ್ದಕ್ಕೆ ಗಟ್ಟಿ ಪುರಾವೆ ಇಲ್ಲ, ಕೆಲವರಿಗೆ ಮೈ ಕಡಿತ ಮಾತ್ರ ಗ್ಯಾರಂಟಿ. ಕೊಬ್ಬರಿ ಎಣ್ಣೆ ಹಚ್ಚಿ ದಿನಾ ತಿಕ್ಕಿದರೆ ಕಲೆ ಮೆತ್ತಗಾಗಬಹುದು, ಆದರೆ ಆ ಪುಣ್ಯ ಎಣ್ಣೆಯದಲ್ಲ, ಬೆರಳಿನದು.

ಗೀರಿನ ಗಡಿಯೊಳಗೇ ಉಬ್ಬಿದ್ದರೆ ಒಂದು ಮಾತು, ಗಡಿ ದಾಟಿ ಪಕ್ಕದ ಚರ್ಮಕ್ಕೂ ಹಬ್ಬಿದರೆ ಇನ್ನೊಂದು. ಗಡಿ ದಾಟಿದ್ದು ಕೀಲಾಯ್ಡ್. ನಮ್ಮಂಥ ಕಪ್ಪು, ಗೋಧಿ ಬಣ್ಣದವರಿಗೆ ಅದರ ಕಾಟ ಹೆಚ್ಚು. ಬರೀ ಕತ್ತರಿಸಿ ತೆಗೆದರೆ ಅದು ಬಹುಮಟ್ಟಿಗೆ ಮರಳಿ ಬರುತ್ತದೆ, ಕೆಲವೊಮ್ಮೆ ಮೊದಲಿಗಿಂತ ದೊಡ್ಡದಾಗಿ. ಆದ್ದರಿಂದ ಕೆಲವು ವಾರಕ್ಕೊಮ್ಮೆ ಗಂಟಿನೊಳಗೇ ಸ್ಟೀರಾಯ್ಡ್ ಇಂಜೆಕ್ಷನ್ ಕೊಡುತ್ತಾರೆ. ಲೇಸರ್ ಕೆಂಪು ತಗ್ಗಿಸುತ್ತದೆ, ಒರಟುತನ ಇಳಿಸುತ್ತದೆ, ಆದರೆ ಹಲವು ಸಲ ಓಡಾಡಬೇಕು, ಕಪ್ಪು ಚರ್ಮಕ್ಕೆ ಪಳಗಿದ ಕೈಯೇ ಬೇಕು. ಇಲ್ಲವಾದರೆ ಕಲೆಯ ಸುತ್ತ ಹೊಸ ಕಲೆ. ಒಳಗೆ ಅಂಟಿ ಗುಳಿ ಬಿದ್ದ ಹಳೆಯ ಕಲೆಯನ್ನು ಪ್ಲಾಸ್ಟಿಕ್ ಸರ್ಜನ್ನರು ಬಿಚ್ಚಿ ಮತ್ತೆ ಹೊಲಿಯುತ್ತಾರೆ, ಅದೂ ವರ್ಷ ತುಂಬಿದ ಮೇಲೆ. ಜೋತ ಹೊಟ್ಟೆಯನ್ನೂ ಸೇರಿಸಿ ಬಿಗಿ ಮಾಡಿಸಿಕೊಂಡರೆ ಗೇಣುದ್ದದ ಗೀರು ಹೋಗಿ, ಈ ಮಗ್ಗುಲಿನಿಂದ ಆ ಮಗ್ಗುಲಿನ ತನಕ ಮೊಳದುದ್ದದ ಗೀರು ಬರುತ್ತದೆ. ಅದು ಲಂಗದೊಳಗೆ ಅಡಗುತ್ತದೆ ಅನ್ನುವುದೇ ಸಮಾಧಾನ. ಪೂರ್ತಿ ಅಳಿಸುತ್ತೇನೆ ಎಂದವನಿಗೆ ದುಡ್ಡು ಕೊಡಬೇಡಿ. ಮಾಯ್ದ ಚರ್ಮಕ್ಕೆ ಮೊದಲಿನ ಬಲ ಬರುವುದೇ ಶೇಕಡಾ 80ರ ತನಕ, ಮೊದಲಿನ ರೂಪ ಎಲ್ಲಿಂದ ಬರಬೇಕು? ಕೆಮ್ಮಿದಾಗ ಗೀರಿನ ಜಾಗ ಉಬ್ಬಿ ಬಂದರೆ ಮುಲಾಮಿನ ಮಾತು ಬಿಟ್ಟು ಸರ್ಜನ್ನರ ಹತ್ತಿರ ಹೋಗಿ. ಅದು ಹರ್ನಿಯಾ ಇರಬಹುದು.

ನಮ್ಮ ಮನೆಗಳ ಎರಡು ಪದ್ಧತಿಗಳನ್ನೂ ಹೇಳಿಬಿಡುತ್ತೇನೆ. ಒಂದು, ಬಾಣಂತಿಯ ಮಂಚದ ಕೆಳಗಿನ ಶೇಗಡಿ. ಸಿಜರ್ ಆದ ಹೊಟ್ಟೆಯಲ್ಲಿ ಗೀರಿನ ಸುತ್ತ ಬಹಳ ದಿನ ಜೋಮು ಇರುತ್ತದೆ. ಕೆಂಡದ ಕಾವು ಹೆಚ್ಚಾದರೂ ಆಕೆಗೆ ಗೊತ್ತಾಗುವುದಿಲ್ಲ, ಸುಟ್ಟ ಗಾಯ ಕಣ್ಣಿಗೆ ಬಿದ್ದಾಗಲೇ ತಿಳಿಯುವುದು. ಇನ್ನೊಂದು ಲಂಗದ ಲಾಡಿ. ಉದ್ದಗೀರಿನ ನಡುಮಧ್ಯೆ, ದಿನಾ ಅದೇ ಜಾಗದಲ್ಲಿ, ಅದೇ ಗಂಟು ಬಿಗಿದು ಹೊಲದಲ್ಲಿ ಬಗ್ಗಿ ಎದ್ದರೆ ಯಾವ ಸಿಲಿಕಾನಿಗೂ ಗೆಲುವಿಲ್ಲ. ಲಾಡಿಯ ಬದಲು ಅಗಲ ಪಟ್ಟಿ ಹೊಲಿಸಿ, ಗಂಟನ್ನು ಬದಿಗೆ ಸರಿಸಿ. ದರ್ಜಿ ಮಾಡುವ ಕಲೆಯ ಚಿಕಿತ್ಸೆ ಇದು.

ಹೊಲದ ಮಾತು ಬಂದದ್ದಕ್ಕೆ ನಗೆ ನಿಲ್ಲಿಸಿ ಹೇಳಬೇಕಾದದ್ದೊಂದಿದೆ. ಪಕ್ಕದ ಬೀಡ ಜಿಲ್ಲೆಯಲ್ಲಿ ಕಬ್ಬು ಕಡಿಯುವ ಹೆಂಗಸರ ಗರ್ಭಕೋಶ ತೆಗೆದ ಸುದ್ದಿ ದೊಡ್ಡದಾಗಿ, 2019ರಲ್ಲಿ ಮಹಾರಾಷ್ಟ್ರ ಸರಕಾರ ನೀಲಂ ಗೋರ್‍ಹೆ ಅವರ ಸಮಿತಿ ಮಾಡಿತು. ಸಮೀಕ್ಷೆಯಲ್ಲಿ ಸಿಕ್ಕ 82 ಸಾವಿರ ಹೆಂಗಸರಲ್ಲಿ 13 ಸಾವಿರಕ್ಕೂ ಹೆಚ್ಚು ಮಂದಿಗೆ ಆ ಆಪರೇಷನ್ ಆಗಿತ್ತು. ಅನೇಕರಿಗೆ ನಲವತ್ತೂ ತುಂಬಿರಲಿಲ್ಲ. ಮುಟ್ಟಿನ ದಿನ ಕೆಲಸ ತಪ್ಪಿದರೆ ಕೂಲಿಯವರನ್ನು ಕರೆತರುವ ಮುಕಾದಮ ದಂಡ ಹಾಕುತ್ತಾನೆ. ಬಿಳಿಮುಟ್ಟು, ಹೊಟ್ಟೆನೋವು ಎಂದು ಹೋದರೆ "ಚೀಲ ತೆಗೆಸಿಬಿಡು" ಎನ್ನುವವರು ಕೂತಿರುತ್ತಾರೆ. ಆ ಹೊಟ್ಟೆಗಳ ಮೇಲಿನ ಗೀರಿಗೆ ಯಾವ ಮುಲಾಮು ಹೇಳೋಣ?

ಅದಕ್ಕೇ ನಾನು ಚಂದದ ಆಸೆಯ ಪಕ್ಷ. ಹೊಟ್ಟೆ ಚಂದ ಕಾಣಬೇಕು ಎಂದುಕೊಂಡಾಕಿ ಸುಮ್ಮನೆ ಮೇಜಿನ ಮೇಲೆ ಮಲಗುವುದಿಲ್ಲ. "ಎಲ್ಲಿ ಕೊಯ್ತೀರಿ ಸಾಹೇಬ್ರ? ಎಷ್ಟುದ್ದ? ದುರ್ಬೀನಿನಿಂದ ಆಗಲ್ದೇನು?" ಎಂದು ಕೇಳುತ್ತಾಳೆ. ಇಷ್ಟು ಕೇಳುವ ಬಾಯಿಗೆ ನಾಲ್ಕನೆಯ ಪ್ರಶ್ನೆ ತಾನಾಗಿ ಬರುತ್ತದೆ: "ಅಲ್ರೀ, ಕೊಯ್ಯದು ಖರೇನೇ ಬೇಕೇನು?" ಸಿಂಗಾರದ ಹುಚ್ಚು ಎಂದು ನಗುವವರು ನಗಲಿ. ಆ ಹುಚ್ಚಿನಿಂದ ಒಂದು ಹೊಟ್ಟೆ ಗೀರಿಲ್ಲದೆ ಮನೆಗೆ ಬಂದರೂ ಲಾಭವೇ.