ಭೇರುಂಡನ ಗಳೆ

ಜಗಳೂರಿನಿಂದ ಬಳ್ಳಿಗಾವಿಗೆ ಹೋಗುವವರು ಚನ್ನಗಿರಿ, ಹೊನ್ನಾಳಿ, ನ್ಯಾಮತಿ ಎಂದು ಊರೂರು ಇಳಿದು ಹತ್ತುವುದಿಲ್ಲ. ನಾನು ಮಾತ್ರ ಹಾಗೇ ಹೋದೆ. ಮಳೆಗಾಗಿ ಮುಗಿಲು ನೋಡುವ ಸೀಮೆಯಿಂದ ಹೊರಟು ನೆಲ ಹಸಿರಾಗುತ್ತ ಹೋಗುವುದನ್ನು ಕಿಟಕಿಯಿಂದ ನೋಡಬೇಕಿತ್ತು.

ಜಗಳೂರಿನ ನಿಲ್ದಾಣದಲ್ಲಿ ಬಸ್ಸಿನ ಮೈಮೇಲಿದ್ದ ಗುರುತನ್ನು ಒಂದು ಮಗು ಬೆರಳು ಮಾಡಿ ತೋರಿಸಿತು. ‘ಅಜ್ಜಿ, ಆ ಹಕ್ಕಿಗ್ಯಾಕೆ ಎರಡು ತಲೆ?’ ಅಜ್ಜಿಗೆ ಗೊತ್ತಿರಲಿಲ್ಲ. ನಾನು ಬಾಯಿ ಹಾಕಿ, ‘ಅದು ಗಂಡಭೇರುಂಡ ಅಮ್ಮಾ’ ಅಂದೆ. ಅಜ್ಜಿ ಚೀಲ ಎತ್ತಿಕೊಳ್ಳುತ್ತ, ‘ಒಂದು ತಲೆ ಇರೋ ಗಂಡನ್ನೇ ಸುಧಾರಿಸಾಕೆ ಆಗಲ್ಲ, ಎರಡು ತಲೇದನ್ನ ಯಾರು ಕಟ್ಕಂತಾರೆ!’ ಅಂದರು. ನಿಲ್ದಾಣವೆಲ್ಲ ನಕ್ಕಿತು.

ಆ ‘ಗಂಡ’ ವೀರ, ಶೂರ ಎಂಬ ಹಳೆಯ ಅರ್ಥದ ಗಂಡ. ಆದರೆ ಅಜ್ಜಿಯ ಮಾತಿನ ಮುಂದೆ ಶಬ್ದಕೋಶ ಬಿಚ್ಚುವ ಧೈರ್ಯ ನನಗಾಗಲಿಲ್ಲ. ಅಷ್ಟಕ್ಕೂ ಇದೇ ತಾಲ್ಲೂಕಿನ ರಂಗಯ್ಯನದುರ್ಗದ ಕುರುಚಲು ಕಾಡಿನಲ್ಲಿ ಕೊಂಡುಕುರಿ ಇದೆ. ಅದರ ಗಂಡಿಗೆ ಒಂದಲ್ಲ, ಎರಡಲ್ಲ, ನಾಲ್ಕು ಕೊಂಬು. ಅಂಥ ಪ್ರಾಣಿ ನಿಜವಾಗಿಯೂ ಮೇಯುವ ಸೀಮೆಯಲ್ಲಿ ಎರಡು ತಲೆಯ ಹಕ್ಕಿಯನ್ನು ನಂಬುವುದು ಕಷ್ಟವೇನಲ್ಲ.

ದಾವಣಗೆರೆ ದಾಟಿ ಸಂತೇಬೆನ್ನೂರಿಗೆ ಬಂದರೆ ಪುಷ್ಕರಿಣಿ. ನೀರಿನ ನಡುವೆ ನಿಂತ ಮಂಟಪ, ಎದುರಿಗೆ ಮುಸಾಫಿರಖಾನೆ. ಪಾಳೆಯಗಾರರೂ ಬಿಜಾಪುರದವರೂ ಒಬ್ಬರ ಪಕ್ಕ ಒಬ್ಬರು ಬಿಟ್ಟುಹೋದ ಗುರುತುಗಳು. ಅಡಿಕೆ ತೋಟಗಳು ದಟ್ಟವಾಗುತ್ತ ಚನ್ನಗಿರಿ ಬರುತ್ತದೆ. ಊರಿಗೆ ಹೆಸರು ಕೊಟ್ಟವಳು ಕೆಳದಿಯ ರಾಣಿ ಚೆನ್ನಮ್ಮ ಎಂದು ಇಲ್ಲಿಯವರು ಹೇಳುತ್ತಾರೆ. ಆ ಕೆಳದಿಯ ರಾಮೇಶ್ವರ ಗುಡಿಯ ಚಾವಣಿಯಲ್ಲೂ ಇದೇ ಹಕ್ಕಿ ರೆಕ್ಕೆ ಹರಡಿಕೊಂಡಿದೆ. ಸೂಳೆಕೆರೆಯ ಏರಿಯ ಮೇಲೆ ಬಸ್ಸಿಳಿದು ನಿಂತೆ. ಆಚೆ ದಡ ಮಂಜಿನಲ್ಲಿ ಕರಗಿಹೋಗಿತ್ತು. ಈ ನೀರನ್ನು ಕಟ್ಟಿಸಿದವಳು ಶಾಂತವ್ವ ಎನ್ನುವ ಕಥೆ ಸುತ್ತಲ ಹಳ್ಳಿಗಳಲ್ಲಿ ಇನ್ನೂ ಬಾಯಿಂದ ಬಾಯಿಗೆ ನಡೆಯುತ್ತಿದೆ. ಸರ್ಕಾರಿ ಕಡತದಲ್ಲಿ ಕೆರೆಗೆ ಶಾಂತಿಸಾಗರವೆಂದು ಹೆಸರು. ಜನ ಮಾತ್ರ ಸೂಳೆಕೆರೆ ಎಂದೇ ಅನ್ನುತ್ತಾರೆ, ಅದರಲ್ಲಿ ಅವರಿಗೆ ಯಾವ ಮುಜುಗರವೂ ಇಲ್ಲ.

ಬಸವಾಪಟ್ಟಣ, ತುಂಗಭದ್ರೆಯ ಸೇತುವೆ, ಹೊನ್ನಾಳಿ, ನ್ಯಾಮತಿ, ಸವಳಂಗ, ಶಿಕಾರಿಪುರ. ಶಿರಾಳಕೊಪ್ಪದಿಂದ ಆಟೋದಲ್ಲಿ ಸ್ವಲ್ಪ ದೂರ ಹೋದರೆ ಬಳ್ಳಿಗಾವಿ.

ಇಂದು ಹಂಚಿನ ಮನೆ, ಕಣ, ಗದ್ದೆಗಳ ಹಳ್ಳಿ. ಶಾಸನಗಳಲ್ಲಿ ರಾಜಧಾನಿ: ಬನವಾಸಿ ಹನ್ನೆರಡು ಸಾವಿರ ನಾಡನ್ನು ಆಳಿದವರು ಕೂತಿದ್ದ ಪಟ್ಟಣ. ಕೇದಾರೇಶ್ವರನಿಂದಾಗಿ ದಕ್ಷಿಣ ಕೇದಾರ ಎಂಬ ಹೆಸರೂ ಇದೆ. ಅಲ್ಲಮಪ್ರಭುವಿನ ಊರು. ಇಲ್ಲಿನ ಕೋಡಿಯಮಠವನ್ನು 1162ರ ಶಾಸನವೊಂದು ಬಣ್ಣಿಸುವ ಬಗೆ ಓದಿದರೆ ಬೆರಗಾಗುತ್ತದೆ. ವೇದ, ವ್ಯಾಕರಣ, ದರ್ಶನಗಳ ಪಾಠ ಒಂದು ಕಡೆ, ಬಡವರಿಗೆ, ಕುರುಡರಿಗೆ, ಕುಂಟರಿಗೆ ಊಟ ಇನ್ನೊಂದು ಕಡೆ, ರೋಗಿಗಳಿಗೆ ಔಷಧ. ಶೈವ, ವೈಷ್ಣವ, ಜೈನ, ಬೌದ್ಧ ಎಲ್ಲರಿಗೂ ನೆಲೆಯಿದ್ದ ಊರಿದು.

ನಾನು ಬಂದದ್ದು ಇಲ್ಲಿನ ಭೇರುಂಡನ ಕಂಬಕ್ಕಾಗಿ. 1047ರಲ್ಲಿ, ಚಾಲುಕ್ಯ ಒಂದನೆಯ ಸೋಮೇಶ್ವರನ ಕೈಕೆಳಗೆ ಬನವಾಸಿಯನ್ನು ಆಳುತ್ತಿದ್ದ ಮಹಾಮಂಡಲೇಶ್ವರ ಚಾಮುಂಡರಾಯರಸ ಜಗದೇಕಮಲ್ಲೇಶ್ವರ ಗುಡಿಯ ಮುಂದೆ ನಿಲ್ಲಿಸಿದ್ದು. ಎತ್ತರ ಮೂವತ್ತು ಅಡಿಯ ಆಸುಪಾಸು. ಬುಡ ಚೌಕ, ಮೇಲೆ ಹೋಗುತ್ತ ದುಂಡು. ಬಿಸಿಲು ಬಿದ್ದ ಕಲ್ಲಿಗೆ ಅಂಗೈ ಒತ್ತಿ ಕತ್ತು ಹಿಂದಕ್ಕೆ ಮಾಡಿ ನೋಡಿದರೆ ತಲೆ ಸುತ್ತುತ್ತದೆ. ಇಲ್ಲಿನ ಭೇರುಂಡ ಬಸ್ಸಿನ ಮೇಲಿನ ಹಕ್ಕಿಯಂತಲ್ಲ. ಅದಕ್ಕೆ ಮನುಷ್ಯನ ಮೈ, ಹೆಗಲ ಮೇಲೆ ಹಕ್ಕಿಯ ಎರಡು ತಲೆ. ಹಕ್ಕಿ ಅನ್ನಬೇಕೋ ವೀರ ಅನ್ನಬೇಕೋ ತಿಳಿಯುವುದಿಲ್ಲ. ಶಿಲ್ಪಿಗೂ ಅದನ್ನು ತೀರ್ಮಾನಿಸುವ ಇಷ್ಟವಿರಲಿಲ್ಲವೆಂದು ಕಾಣುತ್ತದೆ.

ಚಾಮುಂಡರಾಯರಸನಿಗೆ ಅದು ಬಿರುದು. ಭಕ್ತರಿಗೆ ಭೇರುಂಡೇಶ್ವರ, ಅಂದರೆ ದೇವರು. ವೈಷ್ಣವರ ಕಥೆಯಲ್ಲಿ ಶರಭನನ್ನು ಎದುರಿಸಲು ನರಸಿಂಹ ತಾಳಿದ ರೂಪ. ಬೇಲೂರಿನ ಚೆನ್ನಕೇಶವ ಗುಡಿಯಲ್ಲಿ ಜಿಂಕೆಯನ್ನು ಹಾವು, ಹಾವನ್ನು ಆನೆ, ಆನೆಯನ್ನು ಸಿಂಹ, ಸಿಂಹವನ್ನು ಶರಭ ಹಿಡಿದ ಸಾಲಿನ ಕೊನೆಗೆ ಎಲ್ಲರನ್ನೂ ನುಂಗಲು ಬಂದದ್ದು ಇದೇ. ವಿಜಯನಗರದ ಅಚ್ಯುತರಾಯನ ಕಾಲಕ್ಕೆ ನಾಣ್ಯಕ್ಕಿಳಿದು, ಕೊಕ್ಕಿನಲ್ಲೂ ಕಾಲಿನಲ್ಲೂ ಆನೆಗಳನ್ನು ನೇತಾಡಿಸಿಕೊಂಡಿತು. ಮೈಸೂರು ಒಡೆಯರ ಲಾಂಛನವಾಯಿತು, ಅಲ್ಲಿಂದ ಕರ್ನಾಟಕ ಸರ್ಕಾರದ ಮುದ್ರೆಗೆ ಬಂತು.

ಇವೆಲ್ಲ ಗೊತ್ತಿದ್ದವೇ. ನನ್ನನ್ನು ಇಷ್ಟು ದೂರ ಎಳೆದು ತಂದದ್ದು ಬೇರೆ. ಈ ಸೀಮೆಯ ದಾನಶಾಸನಗಳಲ್ಲಿ ಭೂಮಿ ಅಳೆಯುವ ಕೋಲಿಗೆ ‘ಭೇರುಂಡ ಗಳೆ’ ಎಂಬ ಹೆಸರು ಬರುತ್ತದೆ. ದೇವರಿಗೆ ಇಷ್ಟು ಮತ್ತರು ಗದ್ದೆ ಬಿಟ್ಟೆವು ಎಂದು ಬರೆಸುವಾಗ ಯಾವ ಗಳೆಯಲ್ಲಿ ಅಳೆದದ್ದು ಎಂದೂ ಹೇಳಬೇಕಲ್ಲ. ಬಿರುದು, ದೇವರು, ವೀರ ಎಲ್ಲ ಆಗಿ ಹಕ್ಕಿ ಕೊನೆಗೆ ಗದ್ದೆಯ ಬದುವಿಗೆ ಇಳಿದಿತ್ತು. ರಾಜರ ಮುದ್ರೆಗಳಿಗಿಂತ ನನಗೆ ಇದು ದೊಡ್ಡದಾಗಿ ಕಾಣುತ್ತದೆ. ಬಿರುದು ಹೊತ್ತವನು ಸತ್ತರೆ ಬಿರುದೂ ಹೋಗುತ್ತದೆ. ಅಳತೆಯ ಕೋಲಿನ ಹೆಸರು ಮಾತ್ರ ಬರೆಯಲು ಬಾರದ ಒಕ್ಕಲಿಗನ ಬಾಯಲ್ಲೂ ಇರುತ್ತದೆ.

ವಾಪಸು ಬರುವಾಗ ನ್ಯಾಮತಿಯಲ್ಲಿ ಚಹಾ ಕುಡಿಯಲು ಇಳಿದೆ. ಹೊನ್ನಾಳಿಯಿಂದ ಬೇರೆಯಾಗಿ ತಾಲ್ಲೂಕಾಗಿ ಹೆಚ್ಚು ವರ್ಷವಾಗಿಲ್ಲ. ಬೆಂಚಿನ ಮೇಲೆ ಪಕ್ಕ ಕೂತಿದ್ದ ಯಜಮಾನರ ಕೈಯಲ್ಲಿ ಪ್ಲಾಸ್ಟಿಕ್ ಕವರು, ಅದರೊಳಗೆ ಪಹಣಿ, ನಕ್ಷೆ. ಹೊಲಕ್ಕೆ ಹದ್ದುಬಸ್ತು ಮಾಡಿಸಬೇಕಂತೆ.

ಬಳ್ಳಿಗಾವಿಯ ಗಳೆಯ ಕಥೆ ಹೇಳಿದೆ. ಅವರು ಲೋಟ ಕೆಳಗಿಟ್ಟರು.

‘ಎಷ್ಟುದ್ದ ಇತ್ತಂತೆ ಆ ಗಳೆ?’

ಗಳೆಯದು ಗೊತ್ತಿಲ್ಲ, ಭೇರುಂಡನ ಕಂಬವಂತೂ ಮೂವತ್ತು ಅಡಿಯ ಹತ್ತಿರವಿದೆ ಅಂದೆ.

‘ಗುಂಟೆ ಸರಪಳಿ ಮೂವತ್ಮೂರು ಅಡಿ’ ಅಂದು ಅವರು ಬೆರಳು ಮಡಚಿ ಏನೋ ಲೆಕ್ಕ ಹಾಕಿದರು. ಮೂವತ್ಮೂರಕ್ಕೆ ಮೂವತ್ಮೂರು ಒಂದು ಗುಂಟೆ, ನಲವತ್ತು ಗುಂಟೆ ಒಂದು ಎಕರೆ. ಸಾವಿರ ವರ್ಷದ ಕಂಬವೂ ಸರಪಳಿಯೂ ಇಷ್ಟು ಹತ್ತಿರ ಬಂದದ್ದು ಕಾಕತಾಳೀಯವೇ ಇರಬೇಕು. ಒಂದೊಂದು ಕಡೆ ಒಂದೊಂದು ಗಳೆ ಇತ್ತು, ಎಲ್ಲ ಒಂದೇ ಅಳತೆಯಲ್ಲ ಎಂದೂ ಸೇರಿಸಿದೆ.

‘ಹಂಗಾರೆ ಪಕ್ಕದ ಹೊಲದೋನ ಜತೆ ಜಗಳ ಆಗ್ಲೂ ಇತ್ತು ಬಿಡ್ರಿ’ ಅಂದು ಯಜಮಾನರು ಕವರನ್ನು ಕಂಕುಳಿಗೆ ಸಿಕ್ಕಿಸಿಕೊಂಡು, ನನ್ನ ಚಹಾದ ದುಡ್ಡನ್ನೂ ಕೊಟ್ಟು ಎದ್ದರು.