ಎರಡು ಬಟ್ಟಲು

ಮೈಸೂರು, 2 ಜೂನ್ 2024, ಭಾನುವಾರ

ನಿನ್ನೆ ಡಾಕ್ಟರ್ ನಮ್ಮ ಅವಳಿ ಮಕ್ಕಳಿಬ್ಬರ ತೂಕ ನೋಡಿದರು. ಗುಂಡ 6 ಕೆಜಿ 200 ಗ್ರಾಂ, ಪುಟ್ಟಿ 5 ಕೆಜಿ 300. ಮೇ ಮೊದಲಲ್ಲಿ ಅವನು 5.6, ಇವಳು 5.1 ಇದ್ದರು. ಒಂದೇ ಮನೆ, ಒಂದೇ ತಾಯಿ, ಒಂದೇ ತಿಂಗಳು. ಅವನಿಗೆ ಏರಿದ್ದು 600 ಗ್ರಾಂ, ಇವಳಿಗೆ 200. ತಾಯಿ ಕಾರ್ಡಿನ ನಕ್ಷೆಯಲ್ಲಿ ಇವಳ ಚುಕ್ಕೆ ಹಸಿರು ಪಟ್ಟಿಯ ಅಂಚಿಗೆ ಬಂದು ನಿಂತಿದೆ. ಐದು ವಾರ ಮುಂಚೆ ಹುಟ್ಟಿದ ಲೆಕ್ಕ ಹಿಡಿದರೂ ಇದು ಸಾಲದು ಅಂದರು.

"ಇವಳು ದಿನಕ್ಕೆ ಎಷ್ಟು ಸಲ ಕುಡೀತಾಳೆ?"

ಇಬ್ಬರೂ ಸೇರಿ ಹದಿನೈದು ಹದಿನಾರು ಸಲ ಅಂದೆ.

"ಇಬ್ಬರದು ಬೇಡಮ್ಮ, ಇವಳದು ಹೇಳಿ."

ನನ್ನ ಹತ್ತಿರ ಉತ್ತರವಿರಲಿಲ್ಲ. ಆಟೋದಲ್ಲಿ ಬರುವಾಗ ದಾರಿಯುದ್ದಕ್ಕೂ ಅದೇ ಕಿವಿಯಲ್ಲಿ. ಗುಂಡನಿಗೆ ಹಸಿವಾದರೆ ಬೀದಿಗೆಲ್ಲ ಗೊತ್ತಾಗುತ್ತದೆ. ಅತ್ತೆ ಒಲೆ ಬಿಟ್ಟು ಓಡಿ ಬರುತ್ತಾರೆ, ಇವರು ಫೋನ್ ಇಟ್ಟು ಏಳುತ್ತಾರೆ. ಪುಟ್ಟಿ ಮುಷ್ಟಿ ಚೀಪುತ್ತಾಳೆ. ಸ್ವಲ್ಪ ಹೊತ್ತು ಚೀಪಿ ನಿದ್ದೆ ಹೋಗುತ್ತಾಳೆ. "ಎಂಥ ಸಾಧು ಕೂಸು" ಎಂದು ಬಂದವರೆಲ್ಲ ಹೊಗಳಿದರು, ನಾನೂ ಹಿಗ್ಗಿದೆ. ಅದು ಸಾಧುತನವಲ್ಲ, ಕೇಳಿ ಕೇಳಿ ಸೋತ ನಿದ್ದೆ ಎಂದು ಹೊಳೆಯಲೇ ಇಲ್ಲ. ಅಳದಿದ್ದರೆ ಹೆತ್ತ ತಾಯಿಯೂ ಹಾಲು ಕೊಡಳು ಎಂಬ ಮಾತನ್ನು ಕ್ಲಾಸಿನಲ್ಲಿ ಪಾಠ ಮಾಡುವಾಗ ಎಷ್ಟು ಸಲ ಹೇಳಿದ್ದೇನೋ.

ಇನ್ನೊಂದನ್ನೂ ಬರೆದಿಡಬೇಕು. "ಗಂಡು ಮಗು, ಹಸಿವು ತಡ್ಕೊಳ್ಳಲ್ಲ, ಅವನಿಗೆ ಮೊದಲು ಕೊಟ್ಟುಬಿಡಮ್ಮ" ಎಂದು ಅತ್ತೆ ಹೇಳುತ್ತಾ ಬಂದಿದ್ದಾರೆ. ನಾನು ಒಂದು ದಿನವೂ ಎದುರು ಮಾತಾಡಿಲ್ಲ. ಮಾತಾಡದಿದ್ದರೆ ಹೋಗಲಿ, ಹಾಗೇ ಮಾಡಿದೆ. ಹುಟ್ಟಿದಾಗ ಅವನು 2.2, ಇವಳು 1.9. ಕಡಿಮೆ ಇದ್ದವಳು ಇವಳು. ಮೊದಲು ಕೊಡಬೇಕಾಗಿದ್ದದ್ದು ಇವಳಿಗೆ.

ಇವತ್ತಿನಿಂದ ಈ ಪುಸ್ತಕದಲ್ಲಿ ಎಡಗಡೆ ಅವನ ಲೆಕ್ಕ, ಬಲಗಡೆ ಇವಳದು.

4 ಜೂನ್, ಮಂಗಳವಾರ

ಬೆಳಿಗ್ಗೆಯಿಂದ ಹಾಲ್‌ನಲ್ಲಿ ಟಿವಿ, ಚುನಾವಣೆಯ ಮತ ಎಣಿಕೆ. ನಾನು ಕೋಣೆಯಲ್ಲಿ ಎರಡು ದಿನದ ಗೀಟು ಎಣಿಸಿದೆ. ನಿನ್ನೆ ಗುಂಡ ಒಂಬತ್ತು ಸಲ, ಪುಟ್ಟಿ ಆರು. ಅದರಲ್ಲೂ ಎರಡು ಸಲ ಐದು ನಿಮಿಷಕ್ಕೇ ಎದೆ ಬಿಟ್ಟು ನಿದ್ದೆ. ಒದ್ದೆ ಬಟ್ಟೆ ಅವನದು ಎಂಟು, ಅವಳದು ಐದು. ಮಗುವಿಗೆ ಹಾಲು ಸಾಲುತ್ತಿದೆಯೋ ಇಲ್ಲವೋ ಎನ್ನುವುದಕ್ಕೆ ಉಚ್ಚೆಯ ಲೆಕ್ಕವೇ ಸಾಕ್ಷಿ, ಇಪ್ಪತ್ತನಾಲ್ಕು ಗಂಟೆಯಲ್ಲಿ ಆರಾದರೂ ಇರಬೇಕು.

ಲೆಕ್ಕವನ್ನು ಇವರಿಗೆ ತೋರಿಸಿದೆ. ಏನೂ ಹೇಳಲಿಲ್ಲ. ರಾತ್ರಿ ಎರಡು ಗಂಟೆಗೆ ತಾವೇ ಎದ್ದು ಪುಟ್ಟಿಯನ್ನು ಎಬ್ಬಿಸಿ ನನ್ನ ಮಡಿಲಿಗೆ ಹಾಕಿದರು.

9 ಜೂನ್, ಭಾನುವಾರ

ವಾರದಲ್ಲಿ ಒಂದು ಹದ ಸಿಕ್ಕಿದೆ. ಪುಟ್ಟಿ ಕೇಳಲಿ ಬಿಡಲಿ, ಮೂರು ಗಂಟೆ ದಾಟುವಂತಿಲ್ಲ. ಮೈಮೇಲಿನ ಬಟ್ಟೆ ಸಡಿಲಿಸಿ ಅಂಗಾಲು ಉಜ್ಜಿದರೆ ಕಣ್ಣು ಬಿಡುತ್ತಾಳೆ. ಮೊದಲು ಅವಳು. ಅವಳು ಸರಿಯಾಗಿ ಕಚ್ಚಿಕೊಂಡ ಮೇಲೆ ಇನ್ನೊಂದು ಕಡೆಗೆ ಗುಂಡ. ಇಬ್ಬರನ್ನೂ ಒಟ್ಟಿಗೆ ಹಾಕಿಕೊಳ್ಳುವುದನ್ನು ಆಸ್ಪತ್ರೆಯ ನರ್ಸ್ ಆಗಲೇ ಕಲಿಸಿದ್ದರು: ಸೊಂಟದ ಸುತ್ತ ದಿಂಬು, ಎರಡೂ ಕಂಕುಳಲ್ಲಿ ಒಂದೊಂದು ಮಗು, ಕಾಲುಗಳು ನನ್ನ ಬೆನ್ನ ಕಡೆಗೆ. ಆಗ ಭಯಕ್ಕೆ ಕೈ ಬಂದಿರಲಿಲ್ಲ. ಈಗ ಮಕ್ಕಳ ಕತ್ತು ನಿಂತಿದೆ, ನನಗೂ ಧೈರ್ಯ ಬಂದಿದೆ.

ಗುಂಡ ಎಳೆಯುವ ರಭಸಕ್ಕೆ ಇನ್ನೊಂದು ಎದೆಯಲ್ಲೂ ಹಾಲು ಇಳಿಯುತ್ತದೆ. ಹೀಗೆ ಅಣ್ಣನ ಜೋರು ತಂಗಿಗೂ ಉಪಯೋಗಕ್ಕೆ ಬಂತು. ಯಾವ ಕಡೆ ಯಾರಿಗೆ ಎನ್ನುವುದನ್ನು ದಿನಕ್ಕೊಂದು ಸಲ ಬದಲಿಸುತ್ತೇನೆ. ಒಂದು ಕಡೆ ಹಾಲು ಹೆಚ್ಚು, ಒಂದು ಕಡೆ ಕಡಿಮೆ ಆಗಬಾರದಲ್ಲ. ಕುಡಿದಾದ ಮೇಲೆ ಉಳಿದದ್ದನ್ನು ಕೈಯಿಂದ ಹಿಂಡಿ, ಪುಟ್ಟಿಗೆ ಒಳಲೆಯಲ್ಲಿ ಹಾಕುತ್ತೇನೆ. ಅಮ್ಮ ನನಗೆ ಹಾಲು ಹಾಕಿದ ಬೆಳ್ಳಿ ಒಳಲೆ ಅದು, ಮೂತಿ ಸ್ವಲ್ಪ ನಗ್ಗಿದೆ. ತೊಳೆದು, ನೀರಿನಲ್ಲಿ ಚೆನ್ನಾಗಿ ಕುದಿಸಿ ತೆಗೆದರೆ ಸಾಕು. ಬಾಟಲಿಯ ಹಾಗೆ ಸಂದಿಗೊಂದಿ ಇಲ್ಲ, ನಿಪ್ಪಲ್ಲಿನ ಅಭ್ಯಾಸ ಹತ್ತಿ ಎದೆ ಬಿಡುವ ಭಯವೂ ಇಲ್ಲ.

ಅತ್ತೆ ದಿನಾ ಸಬ್ಬಸಿಗೆ ಸೊಪ್ಪು, ಮೆಂತ್ಯ, ಆಳ್ವಿ ಪಾಯಸ ಎಂದು ಮಾಡಿ ಹಾಕುತ್ತಾರೆ. ಎದೆ ಖಾಲಿಯಾದಷ್ಟೂ ಹಾಲು ಊರುತ್ತದೆ, ಅದೇ ಮುಖ್ಯ ಎಂದು ಡಾಕ್ಟರ್ ಹೇಳಿದ್ದಾರೆ. ಆದರೂ ಬಿಸಿ ಬಿಸಿ ಊಟ ಕೈಗೆ ಕೊಟ್ಟು, ಮಕ್ಕಳನ್ನು ಎತ್ತಿಕೊಂಡು "ನೀನು ಮೊದಲು ಉಣ್ಣು" ಅನ್ನುತ್ತಾರಲ್ಲ, ಆ ಅರ್ಧ ಗಂಟೆ ಇಲ್ಲದಿದ್ದರೆ ನನ್ನಿಂದ ಇದು ಆಗುತ್ತಿರಲಿಲ್ಲ.

30 ಜೂನ್, ಭಾನುವಾರ

ಪುಟ್ಟಿ 5 ಕೆಜಿ 900. ಗುಂಡ 6 ಕೆಜಿ 700.

ಸಂಖ್ಯೆ ಬರೆಯುವಾಗ ಕೈ ನಡುಗಿತು.

8 ಜುಲೈ, ಸೋಮವಾರ

ಶುಕ್ರವಾರಕ್ಕೆ ಆರು ತಿಂಗಳು ತುಂಬುತ್ತದೆ. ಇಬ್ಬರೂ ಒರಗಿಸಿದರೆ ಕೂರುತ್ತಾರೆ, ನಾವು ಉಣ್ಣುವಾಗ ಕೈಯನ್ನೇ ನೋಡುತ್ತಾರೆ. ಇನ್ನು ರಾಗಿ ಸರಿ.

ಅತ್ತೆ ಒಂದು ಕೆಜಿ ರಾಗಿ ಆರಿಸಿ, ತೊಳೆದು, ಕಲ್ಲು ಗಾಳಿಸಿ, ರಾತ್ರಿಯೆಲ್ಲ ನೆನೆಸಿಟ್ಟಿದ್ದರು. ನೀರು ಬಸಿದು ಒದ್ದೆ ಪಂಚೆಯಲ್ಲಿ ಕಟ್ಟಿ ಮೂಲೆಯಲ್ಲಿಟ್ಟು ಎರಡು ರಾತ್ರಿ ಆಯಿತು. ಇವತ್ತು ಗಂಟು ಬಿಚ್ಚಿದರೆ ಒಂದೊಂದು ಕಾಳಿಗೂ ಬಿಳಿ ಬಾಲ. ಮಳೆಗಾಲದಲ್ಲಿ ಬಿಸಿಲೆಲ್ಲಿ? ನಡುಮನೆಯಲ್ಲಿ ಬಟ್ಟೆ ಹಾಸಿ ಫ್ಯಾನ್ ಕೆಳಗೆ ಹರವಿದೆವು. ಒಣಗಿದ ಮೇಲೆ ಬಾಲ ಉಜ್ಜಿ ಕೇರಿ, ಘಮ ಬರುವಷ್ಟು ಹುರಿದು, ಮಿಲ್ಲಿನಲ್ಲಿ ಬೀಸಿಸಿ, ತೆಳು ಬಟ್ಟೆಯಲ್ಲಿ ಗಾಳಿಸಬೇಕು. ತವುಡು ಮೇಲೆ ಉಳಿಯುತ್ತದೆ, ಹೂವಿನಂಥ ಹಿಟ್ಟು ಕೆಳಗೆ ಬೀಳುತ್ತದೆ.

ಮೊಳಕೆ ಯಾಕೆ ಬೇಕು ಎಂದು ಕೇಳಿದ್ದಕ್ಕೆ "ಮಗೂಗೆ ಅರಗುತ್ತೆ" ಅಂದರು ಅತ್ತೆ. ಅಷ್ಟೇ ಅಲ್ಲ. ಮೊಳಕೆಯೊಡೆದಾಗ ಕಾಳಿನಲ್ಲಿ ಹುಟ್ಟುವ ಕಿಣ್ವ ಹಿಟ್ಟಿನ ಪಿಷ್ಟವನ್ನು ಒಡೆಯುತ್ತದೆ, ಸರಿ ಬೇಗ ಗಟ್ಟಿಯಾಗುವುದಿಲ್ಲ. ಬರೀ ಹಿಟ್ಟಾದರೆ ಮಗು ನುಂಗಲಿ ಎಂದು ನೀರು ಸುರಿದು ತೆಳ್ಳಗೆ ಮಾಡುತ್ತೇವೆ, ಹೊಟ್ಟೆ ತುಂಬುವುದು ನೀರಿನಿಂದ. ಮೊಳಕೆಯ ಹಿಟ್ಟಾದರೆ ಅಷ್ಟೇ ನೀರಿಗೆ ಹೆಚ್ಚು ಹಿಟ್ಟು ಹಿಡಿಸುತ್ತದೆ. ಅಂಗೈಯಷ್ಟು ಹೊಟ್ಟೆಯ ಪುಟ್ಟಿಯಂಥವಳಿಗೆ ಇದು ದೊಡ್ಡ ಮಾತು. ನೂರು ಗ್ರಾಂ ರಾಗಿಯಲ್ಲಿ ಸುಮಾರು 350 ಮಿಲಿಗ್ರಾಂ ಸುಣ್ಣದಂಶ ಬೇರೆ ಇದೆ. ಕಬ್ಬಿಣದ ಅಂಶಕ್ಕೆ ಮಾತ್ರ ರಾಗಿಯನ್ನೇ ನಂಬುವಂತಿಲ್ಲ, ಅದರ ಡ್ರಾಪ್ಸ್ ನಿಲ್ಲಿಸಬಾರದು ಎಂದು ಡಾಕ್ಟರ್ ಹೇಳಿದ್ದಾರೆ.

12 ಜುಲೈ, ಮೊದಲ ಆಷಾಢ ಶುಕ್ರವಾರ

ಮುಂಜಾನೆಯಿಂದಲೇ ಚಾಮುಂಡಿ ಬೆಟ್ಟಕ್ಕೆ ಜನವೋ ಜನ. ಮನೆಯಲ್ಲಿ ನಮ್ಮ ಪಂಚಾಯಿತಿ.

ಆಷಾಢದಲ್ಲಿ ಅನ್ನಪ್ರಾಶನ ಬೇಡ, ಶ್ರಾವಣ ಬರಲಿ ಎನ್ನುವುದು ಅತ್ತೆಯ ಮಾತು. ಅದಕ್ಕೆ ನಾನು ಒಪ್ಪಿದೆ. ದೇವರ ಮುಂದೆ ಪಾಯಸ ಯಾವಾಗ ತಿನ್ನಿಸಿದರೂ ಸರಿ, ಹಸಿವು ಕಾಯುವುದಿಲ್ಲ, ಇವತ್ತು ಬರೀ ರುಚಿ ತೋರಿಸೋಣ ಅಂದೆ. ಆಗ ಇನ್ನೊಂದು ಮಾತು ಬಂತು. ಗಂಡಿಗೆ ಸರಿ ತಿಂಗಳು, ಹೆಣ್ಣಿಗೆ ಬೆಸ ತಿಂಗಳು. ಆರನೇ ತಿಂಗಳು ಗುಂಡನದು, ಪುಟ್ಟಿಗೆ ಏಳಾಗಲಿ.

ನನ್ನ ಎದೆ ಧಸಕ್ಕೆಂದಿತು. ಮತ್ತೆ ಇವಳೇ ಕಾಯಬೇಕೆ? ಸಿಟ್ಟು ಗಂಟಲಿಗೆ ಬಂದಿತ್ತು. ಅಷ್ಟರಲ್ಲಿ ಅತ್ತೆಯೇ ಬೆರಳು ಮಡಚುತ್ತಾ ಪುಷ್ಯ, ಮಾಘ ಎಂದು ಎಣಿಸತೊಡಗಿದರು. ಎಣಿಸಿ ಮುಗಿಸಿ, "ಆರು ತುಂಬಿತು ಅಂದ್ರೆ ಏಳಕ್ಕೆ ಬಿತ್ತು ಅಲ್ವಾ? ಹಾಗಾದ್ರೆ ಇದು ಪುಟ್ಟಿ ತಿಂಗಳು ಕಣಮ್ಮ!" ಅಂದರು. ತಮಗೇ ಆಶ್ಚರ್ಯ. ಮೊದಲ ಚಮಚ ಅವರ ಕೈಯಿಂದಲೇ ಪುಟ್ಟಿಗೆ. ಅವಳು ನಾಲಿಗೆಯಿಂದ ಹೊರಗೆ ತಳ್ಳಿದಳು, ಹುಬ್ಬು ಗಂಟಿಕ್ಕಿದಳು, ಮತ್ತೆ ಬಾಯಿ ತೆರೆದಳು. ಆಮೇಲೆ ಗುಂಡ. ಅವನು ಬಟ್ಟಲಿಗೇ ಕೈ ಹಾಕಿದ.

ಎದುರುಮನೆಯ ಅಜ್ಜಿ ನೆಕ್ಕಿಸಲು ಜೇನು ತಂದಿದ್ದರು. ಪ್ರೀತಿಯಿಂದ ತಂದದ್ದು, ತೆಗೆದುಕೊಂಡು ಒಳಗಿಟ್ಟೆ. ವರ್ಷ ತುಂಬುವ ತನಕ ಜೇನು ಕೂಡದು, ಅದರಲ್ಲಿ ಇರಬಹುದಾದ ಒಂದು ಬ್ಯಾಕ್ಟೀರಿಯಾದ ಬೀಜಕ ಎಳೆ ಕರುಳಿನಲ್ಲಿ ಬೆಳೆದು ವಿಷ ಉಂಟುಮಾಡುತ್ತದೆ. ಉಪ್ಪು, ಸಕ್ಕರೆ, ಬೆಲ್ಲವೂ ಸದ್ಯಕ್ಕಿಲ್ಲ. ಎರಡು ಹನಿ ತುಪ್ಪ ಸಾಕು.

20 ಜುಲೈ, ಶನಿವಾರ

ಒಂದೇ ಬಟ್ಟಲಿನಲ್ಲಿ ಕಲಸಿ, ಅವನಿಗೊಂದು ಇವಳಿಗೊಂದು ಎಂದು ತಿನ್ನಿಸುತ್ತಿದ್ದೆವು. ಬಟ್ಟಲು ಖಾಲಿಯಾದರೆ ಇಬ್ಬರೂ ಉಂಡರು ಎಂದು ಸಮಾಧಾನ. ಇವತ್ತು ಅತ್ತೆ ತಿನ್ನಿಸುವಾಗ ಪಕ್ಕದಲ್ಲಿ ಕೂತು ಎಣಿಸಿದೆ. ಗುಂಡನಿಗೆ ಹನ್ನೊಂದು ಚಮಚ, ಪುಟ್ಟಿಗೆ ನಾಲ್ಕು. ಅವರದೇನೂ ಭೇದವಲ್ಲ. ಅವನು ಬಾಯಿ ತೆರೆದೇ ಇರುತ್ತಾನೆ, ಕೈ ತಾನಾಗಿ ಅತ್ತ ಹೋಗುತ್ತದೆ. ಇವಳು ಒಂದು ತುತ್ತನ್ನು ಬಾಯಲ್ಲಿ ಆಡಿಸಿ ಆಡಿಸಿ ನುಂಗುವವಳು. ಹಾಲಿನಲ್ಲಿ ಆಗಿದ್ದೇ ಅನ್ನದಲ್ಲೂ ಆಗುತ್ತಿತ್ತು, ನಮ್ಮ ಕಣ್ಣೆದುರಿಗೇ.

ಸಂಜೆ ಇವರು ದೇವರಾಜ ಮಾರ್ಕೆಟ್‌ನ ಹತ್ತಿರದ ಪಾತ್ರೆ ಅಂಗಡಿಯಿಂದ ಎರಡು ಸ್ಟೀಲ್ ಬಟ್ಟಲು, ಎರಡು ಚಮಚ ತಂದರು. ಒಂದಕ್ಕೆ ಅಂಚಿನಲ್ಲಿ ಗೆರೆ ಇದೆ, ಅದು ಪುಟ್ಟಿಯದು. ಇನ್ನು ಅವಳ ಬಟ್ಟಲು ಅವಳಿಗೆ, ಅವನ ಬಟ್ಟಲು ಅವನಿಗೆ. ಒಬ್ಬರು ಒಬ್ಬರಿಗೇ ತಿನ್ನಿಸುವುದು. ಮುಖ ತಿರುಗಿಸಿದರೆ ಅಲ್ಲಿಗೆ ನಿಲ್ಲಿಸುವುದು. ಕೆನ್ನೆ ಅದುಮಿ ತುರುಕುವುದಿಲ್ಲ. ಕಡಿಮೆ ತಿಂದವಳು ಎಂದು ಹೆಚ್ಚು ತುರುಕಿದರೆ ಅದೂ ಅವಳ ಮಾತು ಕೇಳದಿದ್ದ ಹಾಗೇ.

ಹೊಸ ಪದಾರ್ಥ ಒಂದು ಸಲಕ್ಕೆ ಒಂದೇ, ಮೂರು ದಿನ ನೋಡಿ ಮುಂದಿನದು. ಏಲಕ್ಕಿ ಬಾಳೆ ಇಬ್ಬರಿಗೂ ಹಿಡಿಸಿತು. ಹೆಸರುಬೇಳೆ ಅನ್ನ ನಾಳೆಯಿಂದ.

26 ಜುಲೈ, ಶುಕ್ರವಾರ

ಇಬ್ಬರಿಗೂ ನೆಗಡಿ. ಸರಿ ಬೇಡವಂತೆ, ಹಾಲು ಮಾತ್ರ. ಮೂಗು ಕಟ್ಟಿ ಕುಡಿಯಲಾಗದೆ ಬಿಟ್ಟು ಬಿಟ್ಟು ಅಳುತ್ತಾರೆ. ಮಳೆ ನಿಂತಿಲ್ಲ, ಕನ್ನಂಬಾಡಿ ತುಂಬಿದೆಯಂತೆ. ಒಣಗದ ಬಟ್ಟೆಗಳ ವಾಸನೆ ಮನೆಯೆಲ್ಲ. ನಿದ್ದೆ ಇಲ್ಲ. ಇವತ್ತು ಇಷ್ಟೇ.

4 ಆಗಸ್ಟ್, ಭೀಮನ ಅಮಾವಾಸ್ಯೆ

ನಾಳೆ ಶಾಲೆಗೆ ಹೋಗಬೇಕು. ಹೆರಿಗೆ ರಜೆಯ 180 ದಿನ ಮುಗಿದು, ಮೇಲೆ ಹಾಕಿದ ರಜೆಯೂ ಮುಗಿಯಿತು. ಪೂಜೆ ಮುಗಿಸಿದವಳೇ ಅಡುಗೆಮನೆಯಲ್ಲಿ ಅತ್ತೆಯನ್ನು ಕೂರಿಸಿಕೊಂಡೆ.

ಮುಚ್ಚಳದ ಸ್ಟೀಲ್ ಡಬ್ಬಿಗಳಲ್ಲಿ ಹಾಲು ಹಿಂಡಿಟ್ಟಿದ್ದೇನೆ, ಮೂರು ಡಬ್ಬಿ, ಒಂದೊಂದರಲ್ಲಿ ನೂರು ಎಂಎಲ್. ಫ್ರಿಜ್ಜಿನ ಬಾಗಿಲಿನಲ್ಲಿ ಅಲ್ಲ, ಒಳಗೆ ಹಿಂದುಗಡೆ. ಇಟ್ಟ ಹೊತ್ತು ಚೀಟಿಯಲ್ಲಿದೆ, ಇಪ್ಪತ್ತನಾಲ್ಕು ಗಂಟೆ ದಾಟಿಸುವಂತಿಲ್ಲ. ಒಲೆಯ ಮೇಲಿಡುವುದಲ್ಲ, ಬಿಸಿನೀರಿನಲ್ಲಿ ಡಬ್ಬಿ ಇಳಿಸಿ ಬೆಚ್ಚಗೆ ಮಾಡುವುದು. ಕುಡಿದು ಉಳಿದದ್ದನ್ನು ಮತ್ತೆ ಇಡುವುದಿಲ್ಲ. ಸಾಲದಿದ್ದರೆ ಡಾಕ್ಟರ್ ಬರೆದುಕೊಟ್ಟ ಪುಡಿ ಹಾಲು, ಡಬ್ಬದ ಮೇಲಿನ ಅಳತೆಯಂತೆಯೇ. "ಹಸುವಿನ ಹಾಲಿಗೇ ನೀರು ಬೆರೆಸಿ ಕೊಟ್ರೆ ಆಗಲ್ವಾ, ನಿನ್ನ ಗಂಡ ಅದರಲ್ಲೇ ಬೆಳೆದ" ಅಂದರು ಅತ್ತೆ. ವರ್ಷ ತುಂಬುವ ಮೊದಲು ಕುಡಿಯುವ ಹಾಲಾಗಿ ಅದು ಬೇಡ, ಅದರಲ್ಲಿ ಕಬ್ಬಿಣದಂಶ ತೀರಾ ಕಡಿಮೆ, ನಮ್ಮವು ಮೊದಲೇ ತೂಕ ಕಡಿಮೆ ಹುಟ್ಟಿದವು ಅಂದೆ. ಸ್ವಲ್ಪ ಹೊತ್ತು ಸುಮ್ಮನಿದ್ದು, "ಚೀಟಿ ದೊಡ್ಡ ಅಕ್ಷರದಲ್ಲಿ ಬರೀ, ಕನ್ನಡಕ ಹಾಕದೆ ಕಾಣೋ ಹಾಗೆ" ಅಂದರು.

ಪುಟ್ಟಿಗೆ ಮೊದಲು ಎಂದು ಬರೆಯಲೋ ಬೇಡವೋ ಎಂದು ಯೋಚಿಸಿ ಬರೆಯಲಿಲ್ಲ. ನಾನಿಲ್ಲದ ಎಂಟು ಗಂಟೆ ಅವರದು.

5 ಆಗಸ್ಟ್, ಸೋಮವಾರ

ಬೆಳಿಗ್ಗೆ ಇಬ್ಬರಿಗೂ ಕುಡಿಸಿ ಬಸ್ ಹಿಡಿದೆ. ನಂಜನಗೂಡಿನ ಸೇತುವೆ ದಾಟುವಾಗ ಕಪಿಲೆ ಕೆಂಪಗೆ ಹರಿಯುತ್ತಿತ್ತು. ಮೊದಲ ಪೀರಿಯಡ್ಡಿನಲ್ಲಿ ಹಾಜರಿ ಕೂಗುವಾಗ ಎದೆ ಬಿಗಿಯತೊಡಗಿತು. ಹನ್ನೊಂದಕ್ಕೆ ಲೈಬ್ರರಿ ಕೋಣೆಯ ಬಾಗಿಲು ಹಾಕಿಕೊಂಡು ಹಿಂಡಿದೆ. ಸಹೋದ್ಯೋಗಿ ಗೆಳತಿ ಹೊರಗೆ ಕುರ್ಚಿ ಹಾಕಿಕೊಂಡು ಕಾವಲು ಕೂತಳು. ಐಸ್ ತುಂಬಿದ ಫ್ಲಾಸ್ಕಿನಲ್ಲಿ ಡಬ್ಬಿ ಇಟ್ಟೆ. ಕಪಾಟಿನ ಪುಸ್ತಕಗಳ ಮಧ್ಯೆ ಕೂತು ಯಾಕೋ ಅಳು ಬಂತು, ಅತ್ತುಬಿಟ್ಟೆ.

ಒಂದೂವರೆಗೆ ಮನೆಗೆ ಫೋನ್ ಮಾಡಿದೆ. ಹಿಂದೆ ಗುಂಡನ ಕೂಗು ಜೋರಾಗಿ ಕೇಳುತ್ತಿತ್ತು. ಯಾಕೆ ಅಳುತ್ತಿದ್ದಾನೆ ಅತ್ತೆ, ಹಸಿವಾ ಅಂದೆ.

"ಹೂಂ ಕಣಮ್ಮ, ಅವನದು ಈಗ ಕಲಸ್ತಾ ಇದ್ದೀನಿ. ಗೆರೆ ಬಟ್ಟಲು ಮೊದಲು ಖಾಲಿ ಮಾಡಿಸಿದೆ. ಅವಳು ಕೇಳಲಿಲ್ಲ, ನಾನೇ ಎಬ್ಬಿಸಿ ಕೊಟ್ಟೆ."