ಡಾಂಬರು ಮೆತ್ತಿದ ಬ್ಯಾಟರಿಯ ಕಾಲ

ಅಂಬಾಸಡರ್, ಪದ್ಮಿನಿ ಕಾರುಗಳೇ ರಸ್ತೆ ತುಂಬಿದ್ದ ದಿನಗಳಲ್ಲಿ ಬ್ಯಾಟರಿ ಅಂಗಡಿ ಎಂದರೆ ಮಾರುವ ಅಂಗಡಿಗಿಂತ ಹೆಚ್ಚಾಗಿ ರಿಪೇರಿಯ ಅಂಗಡಿ. ಮೋಟಾರು ಬಿಡಿಭಾಗಗಳಿಗೆ ಹೆಸರಾದ ಬೆಂಗಳೂರಿನ ಜೆ.ಸಿ. ರಸ್ತೆಯ ಆಸುಪಾಸಿನಿಂದ ತಾಲ್ಲೂಕು ಕೇಂದ್ರದ ಬಸ್‌ಸ್ಟ್ಯಾಂಡಿನ ಪಕ್ಕದವರೆಗೆ ಇಂಥ ಅಂಗಡಿಗಳಿದ್ದವು. ಬಾಗಿಲಲ್ಲೇ ಆಸಿಡ್ಡಿನ ಹುಳಿ ವಾಸನೆ ಮೂಗಿಗೆ ಬಡಿಯುತ್ತಿತ್ತು. ಅಲ್ಲಿ ದುಡಿಯುವವರ ಹತ್ತಿ ಅಂಗಿಯ ತುಂಬ ಸಾಸಿವೆ ಕಾಳಿನಷ್ಟು ತೂತುಗಳು. ಆಸಿಡ್ ಸಿಡಿದ ಜಾಗ ಒಗೆದಾಗಲೆಲ್ಲ ಉದುರಿ ಹೋಗುತ್ತಿತ್ತು.

ಆಗಿನ ಬ್ಯಾಟರಿಯ ಪೆಟ್ಟಿಗೆ ಕಪ್ಪು ಗಟ್ಟಿ ರಬ್ಬರಿನದು. ಆರು ಸೆಲ್ಲುಗಳಿಗೂ ಬೇರೆ ಬೇರೆ ಮುಚ್ಚಳ, ಸಂದಿಗೆಲ್ಲ ಕಾಯಿಸಿ ಹೊಯ್ದ ಡಾಂಬರು. ಒಂದು ಸೆಲ್ಲನ್ನು ಇನ್ನೊಂದಕ್ಕೆ ಜೋಡಿಸುವ ಸೀಸದ ಪಟ್ಟಿ ಮೇಲುಗಡೆಯೇ ಕಾಣುತ್ತಿತ್ತು. ಎರಡು ಮುಳ್ಳಿನ ಟೆಸ್ಟರನ್ನು ಆ ಪಟ್ಟಿಗಳಿಗೆ ಚುಚ್ಚಿದರೆ ಯಾವ ಸೆಲ್ಲು 2 ವೋಲ್ಟ್ ಕೊಡುತ್ತಿದೆ, ಯಾವುದು ಕೂತುಬಿಟ್ಟಿದೆ ಎಂದು ಅಲ್ಲೇ ತಿಳಿಯುತ್ತಿತ್ತು. ಕೆಟ್ಟ ಸೆಲ್ಲಿನ ಸುತ್ತ ಡಾಂಬರನ್ನು ಬಿಸಿಮಾಡಿ ಕೆತ್ತಿ, ಪ್ಲೇಟುಗಳ ಕಟ್ಟನ್ನು ಮೇಲೆತ್ತಿ, ಸವೆದ ಪ್ಲೇಟು ಬದಲಿಸಿ, ಸೀಸ ಕರಗಿಸಿ ಬೆಸೆದು ಮತ್ತೆ ಡಾಂಬರು ಹೊಯ್ಯುವ ಕೆಲಸ ಅದು. ಕೈಚಳಕ ದೊಡ್ಡದು, ನಿಜ. ಆದರೆ ಸೀಸದ ಹೊಗೆ ಆ ಕೆಲಸಗಾರರ ಮೈಗೇ ಸೇರುತ್ತಿತ್ತು ಎಂಬುದನ್ನು ಮರೆತು ಆ ಕಾಲವನ್ನು ಹೊಗಳುವುದು ಸಲ್ಲದು.

ಮುಂದೆ ಪ್ಲಾಸ್ಟಿಕ್ ಪೆಟ್ಟಿಗೆ ಬಂತು. ಅದರ ಮುಚ್ಚಳ ಶಾಖದಲ್ಲೇ ಬೆಸೆದದ್ದು, ಸೀಸದ ಜೋಡಣೆಯೆಲ್ಲ ಒಳಗೋಡೆಯಲ್ಲಿ. ಬಿಚ್ಚಿ ಪ್ಲೇಟು ಬದಲಿಸುವ ಮಾತೇ ಇಲ್ಲ. 1983ರ ಕೊನೆಯಲ್ಲಿ ಬಂದ ಮಾರುತಿ 800ಕ್ಕೆ ಸುಮಾರು 35 ಆಂಪಿಯರ್-ಅವರ್‌ನ ಪುಟ್ಟ ಬ್ಯಾಟರಿಯೇ ಸಾಕಾಗುತ್ತಿತ್ತು. ಅದರ ಜೊತೆ ಜಪಾನಿನ ಅಳತೆ, ಸಂಕೇತಗಳೂ ಬಳಕೆಗೆ ಬಂದವು. 2001ರ ಬ್ಯಾಟರಿ ನಿಯಮಗಳು ಹಳೆಯ ಬ್ಯಾಟರಿಯನ್ನು ವಾಪಸು ಪಡೆಯುವ ಹೊಣೆಯನ್ನು ಮಾರುವವರ ಮೇಲೆ ಹೊರಿಸಿದವು. ಪ್ಲೇಟು ಕಟ್ಟುತ್ತಿದ್ದ ಅಂಗಡಿ ಹೀಗೆ ಡಬ್ಬಿ ಬದಲಿಸುವ ಅಂಗಡಿಯಾಯಿತು.

ಹಳೆಯ ಕಾರು ಇಟ್ಟುಕೊಂಡವರಿಗೆ ತೊಡಕು ಶುರುವಾದದ್ದು ಇಲ್ಲಿಂದ. ಹಿಂದೆ ಕಾರಿನ ಹೆಸರು ಹೇಳಿದರೆ ಸಾಕಿತ್ತು. ಈಗ ಅಂಗಡಿಯ ಪಟ್ಟಿಯಲ್ಲಿ ಆ ಹೆಸರೇ ಇಲ್ಲದಿರಬಹುದು. ಇದ್ದರೂ ಬಾನೆಟ್ಟಿನ ಕೆಳಗೆ ಇರುವುದು ಬೇರೆಯೇ ಆಗಿರಬಹುದು. ಪೆಟ್ರೋಲ್ ಎಂಜಿನ್ ತೆಗೆಸಿ ಡೀಸೆಲ್ ಕೂರಿಸಿಕೊಂಡ ಅಂಬಾಸಡರ್‌ಗಳು ಎಷ್ಟೋ. ಡೀಸೆಲ್ ಎಂಜಿನ್ನನ್ನು ತಿರುಗಿಸಲು ಬೇಕಾದ ಬಲವೇ ಬೇರೆ. ಆದ್ದರಿಂದ ಪುಸ್ತಕ ನೋಡುವ ಮೊದಲು ಬಾನೆಟ್ ಎತ್ತಿ ನೋಡಬೇಕು.

ನೋಡಬೇಕಾದದ್ದರಲ್ಲಿ ಮೊದಲನೆಯದು ಬ್ಯಾಟರಿ ಕೂರುವ ತಟ್ಟೆಯ ಉದ್ದಗಲ, ಬಾನೆಟ್ಟಿನವರೆಗಿನ ಎತ್ತರ. 38ಬಿ20ಎಲ್ ಎಂಬ ಜಪಾನಿ ಸಂಕೇತದಲ್ಲಿ 20 ಎಂದರೆ ಸೆಂಟಿಮೀಟರಿನಲ್ಲಿ ಸುಮಾರು ಉದ್ದ, ‘ಬಿ’ ಎಂದರೆ ಸುಮಾರು 129 ಮಿಲಿಮೀಟರ್ ಅಗಲದ ಪೆಟ್ಟಿಗೆ. ಕೊನೆಯ ಅಕ್ಷರ ಧ್ರುವಗಳು ಯಾವ ಬದಿಗಿವೆ ಎಂಬುದನ್ನು ಹೇಳುತ್ತದೆ. ಆದರೆ ಅಕ್ಷರವನ್ನಷ್ಟೇ ನಂಬಿದರೆ ಎಡಬಲ ಅದಲುಬದಲಾಗುವುದು ಸಾಮಾನ್ಯ. ಹಳೆಯದನ್ನೇ ಹೊಸದರ ಪಕ್ಕಕ್ಕಿಟ್ಟು ನೋಡುವುದು ಲೇಸು, ಇಲ್ಲದಿದ್ದರೆ ತಂತಿ ಎಟುಕುವುದಿಲ್ಲ. ಮಾರಿಸ್ ಮೈನರ್‌ನಂಥ ಹಳೆಯ ಬ್ರಿಟಿಷ್ ಕಾರುಗಳಲ್ಲಂತೂ ಕಾರಿನ ಲೋಹದ ಮೈಗೆ ಸೇರಿಸಿದ್ದು ಪಾಸಿಟಿವ್ ತಂತಿಯನ್ನು. ಅದನ್ನು ಗಮನಿಸದೆ ಜೋಡಿಸಿದರೆ ಕೆಡುಕು ಖಂಡಿತ.

ಧ್ರುವದ ದಪ್ಪವನ್ನು ಬಹಳಷ್ಟು ಮಂದಿ ಮರೆಯುತ್ತಾರೆ. ದಪ್ಪ ಪಾಸಿಟಿವ್ ಧ್ರುವ 19.5 ಮಿಲಿಮೀಟರ್, ಸಣ್ಣದು 14.7. ಸಣ್ಣ ಧ್ರುವಕ್ಕೆ ಹಳೆಯ ಕಾರಿನ ಕ್ಲಾಂಪು ಹಾಕಿ ಎಷ್ಟು ಬಿಗಿದರೂ ಲೊಡಲೊಡ. ಸೀಸದ ತಗಡು ಸುತ್ತಿ ಬಿಗಿಮಾಡುವ ರೂಢಿ ಇದೆ, ಆದರೆ ಸರಿಯಾದ ಧ್ರುವದ ಬ್ಯಾಟರಿಯನ್ನೇ ಹುಡುಕುವುದು ಮೇಲು.

ಆಂಪಿಯರ್ ಹೆಚ್ಚಾದಷ್ಟೂ ಒಳ್ಳೆಯದೆಂಬ ಮಾತು ಡೈನಮೊ ಇರುವ ಕಾರಿಗೆ ಹೊಂದುವುದಿಲ್ಲ. ಸಿಗ್ನಲ್ಲಿನಲ್ಲಿ ಎಂಜಿನ್ ಮೆಲ್ಲಗೆ ತಿರುಗುವಾಗ ಡೈನಮೊ ಬಹುತೇಕ ಏನನ್ನೂ ಕೊಡುವುದಿಲ್ಲ. ಡ್ಯಾಶ್‌ಬೋರ್ಡಿನ ಕೆಂಪು ದೀಪ ಮಿಣುಕುತ್ತಿರುತ್ತದೆ, ಹೆಡ್‌ಲೈಟು, ಹಾರ್ನು ಎಲ್ಲ ಬ್ಯಾಟರಿಯನ್ನೇ ಹೀರುತ್ತವೆ. ದೊಡ್ಡ ಬ್ಯಾಟರಿ ಹಾಕಿದರೂ ಕಳೆದದ್ದನ್ನು ತುಂಬುವುದು ಅದೇ ಡೈನಮೊ ತಾನೆ? ನೀರು ಹಾಕಬೇಕಿಲ್ಲದ ಈಗಿನ ಬ್ಯಾಟರಿಗಳ ಪ್ಲೇಟಿನಲ್ಲಿ ಕ್ಯಾಲ್ಸಿಯಂ ಇರುತ್ತದೆ. ಈಗಿನ ಕಾರುಗಳಲ್ಲಿ ಡೈನಮೊ ಬದಲಿಗಿರುವ ಆಲ್ಟರ್ನೇಟರ್ ಕೊಡುವ 14 ವೋಲ್ಟ್ ಮೀರಿದ ಚಾರ್ಜು ಅವುಗಳಿಗೆ ಹಿತ. ಹಳೆಯ ಡೈನಮೊ ಕಾರಿಗೆ ಮುಚ್ಚಳ ತೆಗೆದು ಡಿಸ್ಟಿಲ್ಡ್ ವಾಟರ್ ಹಾಕುವ ಬಗೆಯದೇ ವಾಸಿ. ಅದರಲ್ಲಿ ಒಳಗೇನಾಗಿದೆ ಎಂದು ನೋಡಬಹುದು. ಹೈಡ್ರೋಮೀಟರಿನ ಗಾಜಿನ ಕಡ್ಡಿ 1.240ರ ಆಸುಪಾಸು ತೇಲಿದರೆ ಸೆಲ್ಲು ತುಂಬಿದೆ. ಐದು ಸೆಲ್ಲುಗಳಲ್ಲಿ ಹಾಗಿದ್ದು ಆರನೆಯದರಲ್ಲಿ ಮಾತ್ರ ಕಡ್ಡಿ ತಳಕ್ಕೆ ಕೂತರೆ ಆ ಸೆಲ್ಲು ಕೆಟ್ಟಿದೆಯೆಂದೇ ಅರ್ಥ. ಸೀಲಾದ ಬ್ಯಾಟರಿಯಲ್ಲಿ ಈ ಗುಟ್ಟು ತಿಳಿಯುವುದೇ ಇಲ್ಲ.

ಹೊಸದರ ತಯಾರಿಕೆಯ ತಿಂಗಳನ್ನು ಓದಿ, ಮೀಟರಿನಲ್ಲಿ 12.6 ವೋಲ್ಟಿನಷ್ಟು ಇದೆಯೇ ಎಂದು ನೋಡಿದ ಮೇಲಷ್ಟೇ ಹಣ ಕೊಡಬೇಕು. ಕ್ಲಾಂಪಿನ ಮೇಲೆ ಹೂವಿನಂತೆ ಎದ್ದ ಬಿಳಿ ಹುಡಿಯನ್ನು ಬಿಸಿನೀರು ಹೊಯ್ದು ತೊಳೆದು, ಒಣಗಿಸಿ, ಬಿಗಿದ ನಂತರ ಮೇಲೆ ವ್ಯಾಸಲೀನ್ ಸವರುತ್ತಾರೆ. ಕಳಚಿದ ಹಳೆಯ ಬ್ಯಾಟರಿಯನ್ನು ಅಂಗಡಿಯವರು ತಮ್ಮಲ್ಲೇ ಇರಿಸಿಕೊಂಡು, ಅದರೊಳಗಿನ ಸೀಸದ ಬೆಲೆಯನ್ನು ಬಿಲ್ಲಿನಲ್ಲಿ ಕಳೆಯುತ್ತಾರೆ.